ದನಿ ಒಡಕು, ಹಾಡುವ ಆಸೆ ಬಿಡದು: ಏನು ಮಾಡಲಿ?

"ಹಾಡದೆ ಇರಲಾರೆ, ಆದರೆ ದನಿ ಒಡಕು, ಮನೆಯವರು ನಗುತ್ತಾರೆ, ಮೊಬೈಲಿನಲ್ಲಿ ಕೇಳಿಕೊಂಡರೆ ನನಗೇ ನಾಚಿಕೆಯಾಗುತ್ತದೆ, ಬಿಟ್ಟುಬಿಡಲೇ?" ಎಂದು ಕೇಳಿದ್ದೀರಿ. ಇಂಥದೇ ದನಿ ಇಟ್ಟುಕೊಂಡು 22 ವರ್ಷಗಳಿಂದ ಭಜನಾ ಮೇಳದಲ್ಲಿ ಕೂರುತ್ತಿರುವ ನಾನು ನಿಮಗೆ ಮೊದಲು ಒಂದು ಮರುಪ್ರಶ್ನೆ ಕೇಳುತ್ತೇನೆ: ನಿಮ್ಮ ಪಟ್ಟಿ, ಅಂದರೆ ನಿಮ್ಮ ಗಂಟಲಿಗೆ ಒಗ್ಗುವ ಶ್ರುತಿಯ ಎತ್ತರ, ಯಾವುದೆಂದು ಎಂದಾದರೂ ನೋಡಿಕೊಂಡಿದ್ದೀರಾ?

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ಕಡೆಯ ನೇಕಾರರ ಮನೆಯವನು. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವ ಕೋಣೆಯಲ್ಲಿ ಪಕ್ಕದವನ ಮಾತೇ ಕೇಳಿಸದಿರುವಾಗ ಹಾಡು ಯಾರಿಗೆ ಕೇಳಬೇಕು? ಹಾಗಾಗಿ ಯಾರ ಹಂಗೂ ಇಲ್ಲದೆ ಗಂಟಲು ಹರಿಯುವಂತೆ ಹಾಡುತ್ತಲೇ ಬೆಳೆದೆ. ಗದ್ದಲದ ನಡುವೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ, ದನಿಯ ಜೊತೆಗೆ ಶ್ರುತಿಯೂ ಏರುತ್ತದೆ. ನನ್ನ ಗಂಟಲಿಗೆ ಆ ಒತ್ತಡವೇ ರೂಢಿಯಾಯಿತು. ಸೋಮವಾರ ರಾತ್ರಿ ಗುಡಿಯಲ್ಲಿ ಮೇಳ ಕೂತಾಗ ಮೇಲಿನ ಷಡ್ಜ, ಅಂದರೆ ಮೇಲಿನ 'ಸ', ಮುಟ್ಟುವ ಮೊದಲೇ ನನ್ನ ದನಿ ಬಿಗಿ ಹೆಚ್ಚಾದ ಎಳೆಯಂತೆ ಪಟ್ಟನೆ ಕಡಿಯುತ್ತಿತ್ತು, ಎದುರಿಗೆ ಕೂತ ಹುಡುಗರು ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಒಂದು ರಾತ್ರಿ ಮಂಗಳಾರತಿಯಾದ ಮೇಲೆ ಪೇಟಿ (ಹಾರ್ಮೋನಿಯಂ) ನುಡಿಸುವ ಹಿರಿಯರು ನನ್ನನ್ನು ಅಲ್ಲಿಯೇ ಕೂರಿಸಿಕೊಂಡರು. ನಮ್ಮ ಮೇಳದ ಪಟ್ಟಿ ಕರಿ ನಾಲ್ಕು, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆಯೇ 'ಸ'; ಸಾಮಾನ್ಯವಾಗಿ ಹೆಂಗಸರು ಹಾಡುವ ಎತ್ತರ ಅದು. ಮುಂದಾಳಿನ ಗಂಟಲಿಗೆ ಅದು ಲೀಲೆ. ಹಿರಿಯರು ಬೆರಳನ್ನು ಒಂದೊಂದೇ ಮನೆ ಕೆಳಗಿಳಿಸುತ್ತಾ, ಪ್ರತಿ ಮನೆಗೂ ನನ್ನಿಂದ 'ಆ' ಎನ್ನಿಸುತ್ತಾ ಬಂದು, ಕೆಳಗಿನ ಪಂಚಮವೂ ('ಪ') ಮೇಲಿನ ಗಾಂಧಾರವೂ ('ಗ') ಒತ್ತಾಯವಿಲ್ಲದೆ ಸಿಗುವ ಜಾಗವನ್ನು ಹುಡುಕಿ ಬಿಳಿ ಒಂದರಲ್ಲಿ ನಿಂತರು. ಎರಡರ ನಡುವೆ ಕರಿ-ಬಿಳಿ ಸೇರಿ ಎಂಟು ಮನೆಗಳ ಅಂತರ! "ನಿನ್ನ ದನಿ ಕೆಟ್ಟಿಲ್ಲೋ ತಮ್ಮಾ, ನೀ ಮಂದಿ ಪಟ್ಟಿಯಾಗ ಹಾಡಾಕತ್ತಿ" ಎಂದರು. ಒರಟುತನ ಅಂದಿಗೇ ಹೋಯಿತೆಂದಲ್ಲ, ಅದು ಇಂದಿಗೂ ಇದೆ. ಆದರೆ ದನಿ ಕಡಿಯುವುದು ನಿಂತಿತು.

ಮೊಬೈಲಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾವು ಹಾಡುವಾಗ ನಮ್ಮ ದನಿ ಗಾಳಿಯಿಂದ ಮಾತ್ರವಲ್ಲದೆ ತಲೆಯ ಎಲುಬಿನ ಮೂಲಕವೂ ಒಳಗಿವಿ ಮುಟ್ಟುವುದರಿಂದ ನಮಗದು ತುಂಬಿದಂತೆ ಕೇಳಿಸುತ್ತದೆ; ರೆಕಾರ್ಡಿಂಗಿನಲ್ಲಿ ಆ ಭಾಗ ಇಲ್ಲದ್ದರಿಂದ ಎಂಥವರಿಗೂ ಸ್ವಂತ ದನಿ ತೆಳ್ಳಗೆ, ಪರಕೀಯವಾಗಿ ತೋರುತ್ತದೆ. ರೆಕಾರ್ಡಿಂಗಿನಲ್ಲಿ ಕೇಳಬೇಕಾದದ್ದು ದನಿಯ ಚೆಲುವನ್ನಲ್ಲ, ಶ್ರುತಿ ಸೇರಿದೆಯೋ ಇಲ್ಲವೋ ಎಂಬುದನ್ನು. ತಂಬೂರಿ ಆ್ಯಪ್ ಹಚ್ಚಿ, ಷಡ್ಜವನ್ನು ಮೆಲ್ಲಗೆ ಹಿಡಿದು ನೋಡಿ: ಸ್ವಲ್ಪ ಆಚೀಚೆಯಾದರೆ ಎರಡು ನಾದಗಳ ನಡುವೆ 'ವಂವ್ ವಂವ್' ಎಂದು ಅಲೆ ಏಳುತ್ತದೆ, ಹತ್ತಿರವಾದಂತೆ ಆ ಅಲೆ ನಿಧಾನವಾಗುತ್ತದೆ, ಕೂಡಿಕೊಂಡಾಗ ಮಾಯವಾಗುತ್ತದೆ. ಆ ಅಲೆ ಅಡಗುವ ಗಳಿಗೆಯ ಸುಖಕ್ಕೆ ಇಂಪಾದ ಕಂಠವೇ ಬೇಕೆಂದಿಲ್ಲ. ದನಿ ಒಡೆದು ಮೂರು ವಾರ ದಾಟಿದ್ದರೆ ಮಾತ್ರ ಮೊದಲು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯದಿಂದ ಒಂದು ಶ್ವಾಸಕೋಶದ ಬಲ ಕಳೆದುಕೊಂಡು, ವರ್ಷಗಟ್ಟಲೆ ಹಾಡದೆ ಹಾಸಿಗೆ ಹಿಡಿದಿದ್ದು, ಮತ್ತೆ ಹಾಡಲು ಕೂತಾಗ ಗಾಯನವನ್ನು ತಮ್ಮ ಉಸಿರಿನ ಅಳತೆಗೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕತ್ತರಿಸಿಕೊಂಡರು. ಅವರ ಪ್ರತಿಭೆಯನ್ನು ನನ್ನ ಪಕ್ಕಕ್ಕೆ ತರುವಷ್ಟು ಮೂರ್ಖ ನಾನಲ್ಲ. ಆದರೆ ಆ ಕತ್ತರಿಯ ಕೆಲಸ ನಮ್ಮಂಥವರಿಗೂ ಸಾಧ್ಯ. ಉದ್ದ ಸಾಲನ್ನು ನಾನು ಉಸಿರು ತೀರುವ ಮೊದಲೇ, ಅರ್ಥ ಕೆಡದ ಕಡೆ ಮುರಿಯುತ್ತೇನೆ. ಮೇಳ ಕರಿ ನಾಲ್ಕರಲ್ಲಿ ಮೇಲೇರಿದಾಗ ಅದೇ ಸಾಲನ್ನು ಒಂದು ಸಪ್ತಕ, ಅಂದರೆ ಏಳು ಸ್ವರಗಳ ಒಂದು ಪೂರ್ತಿ ಸಾಲು, ಕೆಳಗೆ ಹಾಡುತ್ತೇನೆ.

ತಾಳಮಾನವನ್ನರಿಯೆ, ಒಲಿದಂತೆ ಹಾಡುವೆ ಎಂದು ಬಸವಣ್ಣನವರೇ ಹೇಳಿಲ್ಲವೇ ಎಂದು ನಮ್ಮ ಕಡೆ ಸಮಾಧಾನ ಮಾಡುವವರು ಬಹಳ. ಅದು ಅವರಿಗೂ ಕೂಡಲಸಂಗಮನಿಗೂ ನಡುವಿನ ಮಾತು. ತಾಳ ಹಿಡಿದು ಪಕ್ಕದಲ್ಲಿ ಕೂತವನು ಅದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮೇಳದಲ್ಲಿ ನನ್ನ ಜಾಗ ಗಟ್ಟಿಯಾದದ್ದು ನೆನಪಿನಿಂದ. ಮುಂದಾಳು ತತ್ವಪದದ ನಾಲ್ಕನೆಯ ನುಡಿಗೆ ಬಂದು ತಡವರಿಸಿದಾಗ ಸಾಲನ್ನು ಎತ್ತಿಕೊಡುವವನು ನಾನು. ಅರ್ಧರಾತ್ರಿ ದಾಟಿ, ಒಳ್ಳೆಯ ಗಂಟಲುಗಳೆಲ್ಲ ದಣಿದ ಮೇಲೆ, ಪೇಟಿಯವರು ತಾವಾಗಿಯೇ ಬಿಳಿ ಒಂದಕ್ಕೆ ಇಳಿದು ನನ್ನತ್ತ ನೋಡುತ್ತಾರೆ. ಆಗ ಹುಡುಗರು ನಗುವುದಿಲ್ಲ, ಅರ್ಧ ಜನ ಮಲಗಿರುತ್ತಾರೆ ಎನ್ನುವುದೂ ನಿಜ. ಮನೆಯಲ್ಲಿ ಮಾತ್ರ ನಾನು ಹಳೆಯ ಚಟಕ್ಕೆ ಎತ್ತರದಲ್ಲಿ ಶುರುಮಾಡಿದೆನೆಂದರೆ ಹೆಂಡತಿ ಈಗಲೂ ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿಕೊಳ್ಳುತ್ತಾಳೆ.