ಗುಳೆ ಬಂದವರಿಂದಲೇ ಆದ ಊರು

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: 'ನಮ್ಮ ಊರಿಗೆ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಳ್ಳುತ್ತಿದ್ದಾರೆ. ಖಾಲಿ ಸೈಟುಗಳಲ್ಲಿ ತಾಡಪಾಲಿನ ಗುಡಿಸಲು, ಫುಟ್‌ಪಾತಿನ ಮೇಲೆ ತಳ್ಳುಗಾಡಿ. ಕಳೆದ ವರ್ಷ ಎಂಟೇ ತಿಂಗಳಲ್ಲಿ ಮನೆ ಕಟ್ಟಿಸಿ ಇಲ್ಲಿಗೆ ಬಂದೆ. ಈಗ ಸಂಜೆ ನಾಲ್ಕು ಹೆಜ್ಜೆ ನಡೆಯಲೂ ಆಗುವುದಿಲ್ಲ. ಹೊರಗಿನವರು ಬರುವುದನ್ನು ಪಾಲಿಕೆ ತಡೆಯಬಾರದೇ?'

ಮಾನ್ಯರೇ, ತಮ್ಮ ಪತ್ರವನ್ನು ಎರಡು ಸಲ ಓದಿದೆ. ನಡೆಯಲು ದಾರಿ ಬೇಕೆಂಬ ತಮ್ಮ ಮಾತು ನ್ಯಾಯವಾದದ್ದು, ಅದರಲ್ಲಿ ತಕರಾರಿಲ್ಲ. ಆದರೆ 'ಹೊರಗಿನವರು' ಎಂಬ ಪದದ ಬಳಿ ನಿಂತುಬಿಟ್ಟೆ.

ದಾವಣಗೆರೆಯಲ್ಲಿ ಒಳಗಿನವರೆಂದರೆ ಯಾರು? ಬೇತೂರಿನ ಮಗ್ಗುಲ ಸಣ್ಣ ಹಳ್ಳಿಯಾಗಿದ್ದ ಈ ಜಾಗವನ್ನು ಹೈದರಾಲಿ ಮರಾಠಾ ಸರದಾರ ಅಪ್ಪೋಜಿ ರಾಮನಿಗೆ ಜಹಗೀರಾಗಿ ಕೊಟ್ಟನೆಂದೂ, ಆ ಸರದಾರ ವರ್ತಕರನ್ನು ಹುರಿದುಂಬಿಸಿ ಇಲ್ಲಿ ನೆಲೆಗೊಳಿಸಿದನೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ. ಹಳ್ಳಿ ಪೇಟೆಯಾದದ್ದು ಹೀಗೆ ಬಂದವರಿಂದ. ಮುಂದೆ ರೈಲು ಬಂತು, ಎರೆ ಹೊಲಗಳ ಹತ್ತಿ ಬಂತು, 1930ರ ದಶಕದಿಂದ ಗಿರಣಿಗಳು ಎದ್ದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಗಿರಣಿಯ ಕೂಗಿಗೆ ಅವ್ವ ರೊಟ್ಟಿ ತಟ್ಟಲು ಕೂರುತ್ತಿದ್ದಳು. ಪಕ್ಕದ ಮನೆಯವರು ಬಿಜಾಪುರದ ಕಡೆಯಿಂದ ಬರಗಾಲಕ್ಕೆ ಎದ್ದು ಬಂದವರು. ಆ ಮನೆಯ ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದಾಗ ಹುಬ್ಬು, ಮೀಸೆಗಳಿಗೆಲ್ಲ ಅರಳೆ ಅಂಟಿರುತ್ತಿತ್ತು. ಹಿತ್ತಲಲ್ಲಿ ಕೂತು ಒದ್ದೆ ಪಂಚೆಯಿಂದ ಅದನ್ನು ಒರೆಸಿಕೊಂಡ ಮೇಲೇ ಅವರು ಮಕ್ಕಳನ್ನು ಮುಟ್ಟುತ್ತಿದ್ದರು. ಅವರನ್ನು ಯಾರೂ ಹೊರಗಿನವರೆಂದು ಕರೆದ ನೆನಪು ನನಗಿಲ್ಲ.

ಆ ಗಿರಣಿಗಳು ಮುಚ್ಚಿದ್ದು ಯಾರ ಶಾಪದಿಂದಲೂ ಅಲ್ಲ. ಹಳೆಯ ಯಂತ್ರಗಳು, ಕೃತಕ ನೂಲು, ವಿದ್ಯುತ್ ಮಗ್ಗಗಳ ಪೈಪೋಟಿ ಮೊದಲೇ ಇದ್ದವು. 1985ರ ಜವಳಿ ನೀತಿ ಗಿರಣಿ, ವಿದ್ಯುತ್ ಮಗ್ಗಗಳ ನಡುವಿನ ಭೇದವನ್ನು ಸಡಿಲಿಸಿ, ಚೇತರಿಸಿಕೊಳ್ಳಲಾಗದ ಗಿರಣಿಗಳನ್ನು ಮುಚ್ಚಲು ದಾರಿ ತೆರೆಯಿತು. 1991ರ ನಂತರ ಮಾರುಕಟ್ಟೆಯೂ ತೆರೆದುಕೊಂಡಿತು. ದೆಹಲಿಯಲ್ಲಿ ಬಿದ್ದ ಸಹಿಗೆ ಇಲ್ಲಿ ಕೂಗು ನಿಂತಿತು. ಗಿರಣಿಯ ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಅಲ್ಲಿ ಅವರನ್ನು ಹೊರಗಿನವರೆಂದು ಯಾರೋ ಪತ್ರಿಕೆಗೆ ಬರೆದಿದ್ದರೆ ತಮಗೂ ನನಗೂ ಎಷ್ಟು ನೋವಾಗುತ್ತಿತ್ತು!

ಇನ್ನು ಈಗ ಬರುವವರ ಮಾತು. ಭದ್ರಾ ನಾಲೆಯ ನೀರು ಹರಿಯುವ ಹೊಲಕ್ಕೂ ಜಗಳೂರಿನ ಮಳೆ ನಂಬಿದ ಹೊಲಕ್ಕೂ ಇರುವ ಅಂತರ ತಮಗೆ ಗೊತ್ತಿದ್ದದ್ದೇ. ಕಳೆದ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಒಂದು ಓಣಿಯಲ್ಲಿ ಸಾಲಾಗಿ ಬೀಗ ಬಿದ್ದ ಮನೆಗಳಿದ್ದವು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬರ ಸೊಂಟದ ಎಲೆಅಡಿಕೆ ಚೀಲದಲ್ಲಿ ಏಳು ಬೀಗದ ಕೈಗಳಿದ್ದವು, ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ದಾರ. 'ಕೆಂಪಂದು ಕಾಫಿ ತೋಟಕ್ಕೆ ಹೋದೋರ್ದು, ಹಸ್ರುದು ದಾವಣಗೆರಿಗೆ ಹೋದೋರ್ದು' ಎಂದು ಅವರು ಒಂದೊಂದನ್ನೇ ಎತ್ತಿ ತೋರಿಸಿದರು. ಆ ಹಸಿರು ದಾರದ ಮನೆಯವರು ತಮ್ಮ ಬಡಾವಣೆಯ ತಾಡಪಾಲಿನ ಕೆಳಗೆ ಇರಬಹುದು.

ನಗರ ಯೋಜನೆ ಮಾಡುವವರ ಮೇಲೆ ನನ್ನ ಹಳೆಯ ಸಿಟ್ಟು ಇದೇ. ಗುಳೆ ಬಂದವರ ದುಡಿಮೆ ಬೇಕು, ಅವರ ವಾಸ ಮಾತ್ರ ಲೆಕ್ಕಕ್ಕಿಲ್ಲ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೆಯಲೇ ಇಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ನಮ್ಮ ಹೆಸರು ಬಂದಾಗ ನಾವೆಲ್ಲ ಹಿಗ್ಗಿದೆವು, ಈ ಪತ್ರಿಕೆಯೂ ಹಿಗ್ಗಿತು. ಕೂಲಿಯವರು ತಿಂಗಳ ಬಾಡಿಗೆ ಕೊಟ್ಟು ಮಾನವಾಗಿ ಇರಬಹುದಾದ ಒಂದು ಕೋಣೆಯ ಮಾತನ್ನು ಆ ಸಂಭ್ರಮದಲ್ಲಿ ನಾವು ಕೇಳಲಿಲ್ಲ. ಲಾಕ್‌ಡೌನಿನಲ್ಲಿ ಜನ ಹೆದ್ದಾರಿಯುದ್ದಕ್ಕೂ ನಡೆದದ್ದನ್ನು ದೇಶವೇ ಕಂಡ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗಾಗಿ ಬಾಡಿಗೆ ಮನೆಗಳ ಯೋಜನೆ ಪ್ರಕಟಿಸಿತು. ಅದರ ಹೆಸರು ಕೇಳಿದ ಒಬ್ಬ ಗಾರೆಯವರೂ ನನಗೆ ಇದುವರೆಗೆ ಸಿಕ್ಕಿಲ್ಲ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿಕೊಡಬೇಕೆಂದು 2014ರ ಕಾಯ್ದೆ ಹೇಳುತ್ತದೆ. ತಮ್ಮ ದಾರಿಗೆ ಅಡ್ಡ ನಿಂತ ತಳ್ಳುಗಾಡಿಯ ಪರಿಹಾರ ಆ ಕಾಯ್ದೆಯಲ್ಲಿಯೇ ಇದೆ. ಪಾಲಿಕೆಗೆ ಅರ್ಜಿ ಬರೆಯುವುದಾದರೆ ಅದನ್ನು ಜಾರಿ ಮಾಡಿ ಎಂದು ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ತಾವು ಓದಿಕೊಂಡವರು, ಪತ್ರದ ಭಾಷೆಯೇ ಅದನ್ನು ಹೇಳುತ್ತದೆ. ಆದ್ದರಿಂದ ಸಲುಗೆಯಿಂದ ಒಂದು ಮಾತು ಕೇಳುತ್ತೇನೆ. ಎಂಟೇ ತಿಂಗಳಲ್ಲಿ ಮನೆ ಎದ್ದಿತೆಂದು ಬರೆದಿದ್ದೀರಿ. ಇಟ್ಟಿಗೆ ಹೊತ್ತವರು, ಕ್ಯೂರಿಂಗಿಗೆ ಹೊತ್ತುಹೊತ್ತಿಗೆ ನೀರು ಹಾಕಿದವರು, ಸಿಮೆಂಟ್ ಚೀಲಗಳನ್ನು ರಾತ್ರಿ ಕಾದವರು ಆ ಎಂಟು ತಿಂಗಳು ಎಲ್ಲಿ ಮಲಗಿದ್ದರು? ಅವರ ಮಕ್ಕಳು ಯಾವ ಶಾಲೆಗೆ ಹೋದರು? ಮುಂದಿನ ಪತ್ರದಲ್ಲಿ ಅದನ್ನು ಬರೆದು ಕಳಿಸಿ. ಒಂದಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.

— ಸಂಪಾದಕ