ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸತತ ಮೂರು ಪಂದ್ಯ ಸೋತಿದ್ದಕ್ಕೆ ಸೀಸನ್ ಮಧ್ಯದಲ್ಲೇ ಕೋಚ್‌ನನ್ನು ತೆಗೆದರಂತೆ. ತಪ್ಪು ನಿಜವಾಗಿ ಯಾರದು, ಕೋಚ್‌ದಾ ಹುಡುಗರದಾ? ತೆಗೆದದ್ದಕ್ಕೆ ದುಡ್ಡೆಷ್ಟು ಕೊಡಬೇಕಾಯಿತು?

ನಿಮ್ಮ ಅಕ್ಕನ ಮಗ ಅಲ್ಲಿ ಎಂಎಸ್ ಓದುತ್ತಿದ್ದಾನೆ, 2025ರ ಅಕ್ಟೋಬರ್‌ನಲ್ಲಿ ಫೋನ್ ಮಾಡಿದಾಗಲೆಲ್ಲ ಇದೇ ಗೋಳು ತೋಡಿಕೊಳ್ಳುತ್ತಿದ್ದ ಅಂತ ಬರೆದಿದ್ದೀರಿ. ಖಂಡಿತ ನಂಬುತ್ತೇನೆ. ನಾನಿರುವುದೂ ಪೆನ್ಸಿಲ್ವೇನಿಯಾದಲ್ಲೇ. ಆ ತಿಂಗಳು ನಮ್ಮ ಆಫೀಸಿನಲ್ಲಿ ಬೇರೆ ಮಾತೇ ಇರಲಿಲ್ಲ.

ನನ್ನ ಉತ್ತರ ಕೇಳಿದರೆ, ತಪ್ಪಿನ ದೊಡ್ಡ ಪಾಲು ಕೋಚಿಂಗ್‌ದು. ಆದರೆ ಎಲ್ಲರೂ ಬೈಯುವ ಒರೆಗಾನ್ ಪಂದ್ಯದ ಕಾರಣಕ್ಕಲ್ಲ. ಅದರ ಮುಂದಿನ ವಾರದ ಕಾರಣಕ್ಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮೂರಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ. 10 ಯಾರ್ಡ್ ಮುಂದೆ ಹೋಗಲು 4 ಅವಕಾಶ. ಆಗದಿದ್ದರೆ ಚೆಂಡು ಎದುರಾಳಿಗೆ. ಪ್ಲೇಆಫ್‌ನಂಥ ಕೊನೆಯ ಹಂತದ ಪಂದ್ಯಗಳನ್ನು ಬಿಟ್ಟರೆ ಸೀಸನ್‌ಗೆ 12 ಪಂದ್ಯ ಅಷ್ಟೇ. 2024ರಲ್ಲಿ ನಮ್ಮ ಆರ್‌ಸಿಬಿ ಮೊದಲ 8ರಲ್ಲಿ 7 ಸೋತು, ಆಮೇಲೆ ಸತತ 6 ಗೆದ್ದು ಪ್ಲೇಆಫ್ ಸೇರಿತ್ತಲ್ಲ, ಅಂಥದ್ದಕ್ಕೆ ಇಲ್ಲಿ ಜಾಗವೇ ಇಲ್ಲ. ದೇಶದಲ್ಲಿ 130ಕ್ಕೂ ಜಾಸ್ತಿ ತಂಡಗಳಿವೆ, ಪ್ಲೇಆಫ್‌ಗೆ ಹೋಗುವುದು 12. ಮೂರು ಸೋತರೆ ಬಹುಮಟ್ಟಿಗೆ ಕಥೆ ಮುಗಿಯಿತು.

ಈಗ ನಿರೀಕ್ಷೆ ಎಷ್ಟಿತ್ತು ನೋಡಿ. 2024ರ ಸೀಸನ್‌ನಲ್ಲಿ ಪೆನ್ ಸ್ಟೇಟ್ 13 ಗೆದ್ದು, ಪ್ಲೇಆಫ್ ಸೆಮಿಫೈನಲ್‌ನಲ್ಲಿ ನೋಟ್ರ ಡೇಮ್ ವಿರುದ್ಧ 27-24ರಲ್ಲಿ ಸೋತಿತ್ತು. ಆ ಪಂದ್ಯದಲ್ಲಿ ಅವರ ವೈಡ್ ರಿಸೀವರ್‌ಗಳು, ಅಂದರೆ ದೂರದ ಎಸೆತ ಹಿಡಿಯಬೇಕಾದವರು, ಒಂದೇ ಒಂದು ಚೆಂಡು ಹಿಡಿಯಲಿಲ್ಲ. ಅದನ್ನು ಸರಿಮಾಡಲು ಬೇರೆ ವಿಶ್ವವಿದ್ಯಾಲಯಗಳಿಂದ ಮೂವರು ರಿಸೀವರ್‌ಗಳನ್ನು ಕರೆತಂದರು. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ, ಡ್ರೂ ಆಲರ್ ಉಳಿದ. ಓಡುವ ಜೋಡಿ ನಿಕೋಲಸ್ ಸಿಂಗಲ್‌ಟನ್ ಮತ್ತು ಕೇಟ್ರಾನ್ ಆಲನ್ ಕೂಡ ಉಳಿದರು. ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ನೋಡಿಕೊಳ್ಳಲು ಆಗಷ್ಟೇ ಚಾಂಪಿಯನ್ ಆಗಿದ್ದ ಒಹಾಯೊ ಸ್ಟೇಟ್‌ನಿಂದ ಜಿಮ್ ನೋಲ್ಸ್ ಬಂದರು, ವರ್ಷಕ್ಕೆ ಸುಮಾರು 31 ಲಕ್ಷ ಡಾಲರ್ ಸಂಬಳಕ್ಕೆ. ಸೀಸನ್‌ಗೆ ಮೊದಲು ಪತ್ರಕರ್ತರ ಪಟ್ಟಿಯಲ್ಲಿ 2ನೇ ಸ್ಥಾನ. ಈ ಸಲ ಕಪ್ ನಮ್ದೇ ಅನ್ನುವ ವಾತಾವರಣ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮೊದಲ ಮೂರು ಪಂದ್ಯ ನೆವಾಡಾ, ಎಫ್‌ಐಯು, ವಿಲನೋವಾ ವಿರುದ್ಧ. ಮೂರೂ ಸುಲಭದ ತುತ್ತು. 46-11, 34-0, 52-6. ಗೆದ್ದರು ನಿಜ, ಆದರೆ ಇದರಿಂದ ಕಲಿತದ್ದೇನೂ ಇಲ್ಲ. ಆಫೆನ್ಸ್, ಅಂದರೆ ಅಂಕ ಗಳಿಸುವ ಪಡೆ, ಆಗಲೇ ತಡವರಿಸುತ್ತಿತ್ತು. ಸ್ಕೋರು ದೊಡ್ಡದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಂಥ ವೇಳಾಪಟ್ಟಿ ಮಾಡಿಕೊಂಡದ್ದೇ ಮೊದಲ ಎಡವಟ್ಟು ಅನ್ನುತ್ತೇನೆ.

ಸೆಪ್ಟೆಂಬರ್ 27ಕ್ಕೆ ಒರೆಗಾನ್ ಬಂತು. ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಮೀರಿ ಜನ, ಎಲ್ಲರೂ ಬಿಳಿ ಬಟ್ಟೆ. ಮೂರು ಕ್ವಾರ್ಟರ್ ಮುಗಿದರೂ ಪೆನ್ ಸ್ಟೇಟ್ ಗಳಿಸಿದ್ದು ಬರೀ 3 ಅಂಕ. 17-3 ಹಿಂದೆ ಬಿದ್ದ ಮೇಲೆ ಎಚ್ಚೆತ್ತು ಸಮ ಮಾಡಿದರು. ಎರಡನೇ ಓವರ್‌ಟೈಮ್‌ನಲ್ಲಿ ಆಲರ್ ಎಸೆದ ಚೆಂಡು ಎದುರಾಳಿಯ ಕೈಗೆ ಸಿಕ್ಕಿತು, 30-24ರ ಸೋಲು. ಆ ರಾತ್ರಿಯೇ ಜನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ವಿರುದ್ಧ ಘೋಷಣೆ ಕೂಗಿದರು. ನನಗೆ ಅದು ಅತಿ ಅನ್ನಿಸಿತು. ಒಳ್ಳೆಯ ತಂಡದ ಎದುರು ಎರಡು ಓವರ್‌ಟೈಮ್ ಆಡಿ ಸೋಲುವುದು ಯಾರಿಗಾದರೂ ಆಗುತ್ತದೆ.

ಅಕ್ಟೋಬರ್ 4ರಂದು ಯುಸಿಎಲ್‌ಎ ವಿರುದ್ಧ ಆದದ್ದಕ್ಕೆ ಮಾತ್ರ ಕ್ಷಮೆಯಿಲ್ಲ. ಯುಸಿಎಲ್‌ಎ ಸ್ಥಿತಿ ಕೇಳಿ. ಆಡಿದ ನಾಲ್ಕೂ ಸೋತಿತ್ತು. ಮುಖ್ಯ ಕೋಚ್‌ನನ್ನು ಆಗಲೇ ಮನೆಗೆ ಕಳಿಸಿದ್ದರು. ಆಫೆನ್ಸ್ ಕೋಚ್ ಅದೇ ವಾರ ಬಿಟ್ಟುಹೋಗಿದ್ದರು. ಪಂದ್ಯದ ಯೋಜನೆ ನಡೆಸಿದ್ದು ಜೆರ್ರಿ ನ್ಯೂಹೈಸಲ್, ಆ ಕೆಲಸ ಅವರಿಗೆ ಅದೇ ಮೊದಲು. ಈ ತಂಡ ಮೊದಲ ಸಲ ಚೆಂಡು ಸಿಕ್ಕಾಗಲೇ ಟಚ್‌ಡೌನ್ ಹೊಡೆಯಿತು, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿತು. ಹೊಡೆದ ಕೂಡಲೇ ಚೆಂಡನ್ನು ದೂರ ಒದೆಯುವ ಬದಲು ಹತ್ತಿರಕ್ಕೆ ಒದ್ದು ತಾನೇ ಹಿಡಿದುಕೊಂಡಿತು. ಕಳೆದುಕೊಳ್ಳಲು ಏನೂ ಇಲ್ಲದ ತಂಡ ಹೀಗೇ ಆಡುವುದು, ಇದಕ್ಕೆ ತಯಾರಿ ಇರಬೇಕು. ಪೆನ್ ಸ್ಟೇಟ್ ಹುಡುಗರು ಬಾಯಿಬಿಟ್ಟು ನೋಡುತ್ತಿದ್ದರು. ಅರ್ಧಕ್ಕೆ 27-7. ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲಿಯಾವಾ ಬರೀ ಓಡಿಯೇ ಮೂರು ಟಚ್‌ಡೌನ್ ಗಳಿಸಿದ. ಅವನು ಓಡುತ್ತಾನೆ ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿತ್ತು. ಆದರೂ ತಡೆಯುವ ಉಪಾಯ ಬದಲಾಗಲಿಲ್ಲ. ಡಿಫೆನ್ಸ್‌ನ ಮುಖ್ಯ ಆಟಗಾರ ಟೋನಿ ರೋಹಾಸ್ ಗಾಯವಾಗಿ ಹೊರಗಿದ್ದ, ಅದೂ ನಿಜ. ಆದರೆ ಒಬ್ಬ ಇಲ್ಲದಿದ್ದರೆ 42 ಅಂಕ ಬಿಟ್ಟುಕೊಡುವಂಥ ವ್ಯವಸ್ಥೆಗಾ ನೋಲ್ಸ್‌ಗೆ ಅಷ್ಟು ಸಂಬಳ?

ಕೊನೆಯ ನಿಮಿಷದಲ್ಲೂ ಅವಕಾಶವಿತ್ತು. ಯುಸಿಎಲ್‌ಎ ಗೆರೆಯಿಂದ 10 ಯಾರ್ಡ್ ಒಳಗೆ ತಲುಪಿದ್ದರು. ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶ, ಬೇಕಾದದ್ದು ಸ್ವಲ್ಪವೇ. ತಂಡದಲ್ಲಿ ಓಡುವುದಕ್ಕೆಂದೇ ಹುಟ್ಟಿದ ಇಬ್ಬರಿದ್ದಾರೆ. ಚೆಂಡು ಸಿಕ್ಕಿದ್ದು ಅವರಿಗಲ್ಲ, ಆಲರ್ ತಾನೇ ಓಡಲು ಹೋಗಿ ಸಿಕ್ಕಿಬಿದ್ದ. 42-37.

ಮುಂದಿನ ಶನಿವಾರ ನಾರ್ತ್‌ವೆಸ್ಟರ್ನ್. ತವರು ಮೈದಾನ, ಹಳೆಯ ವಿದ್ಯಾರ್ಥಿಗಳೆಲ್ಲ ಬರುವ ಹೋಮ್‌ಕಮಿಂಗ್ ದಿನ. 22-21ರ ಸೋಲು, ಜೊತೆಗೆ ಆಲರ್ ಗಾಯಗೊಂಡು ಸೀಸನ್ನೇ ಮುಗಿಯಿತು. ಮಾರನೇ ದಿನ, ಅಕ್ಟೋಬರ್ 12ಕ್ಕೆ, ಫ್ರಾಂಕ್ಲಿನ್ ಮಾಜಿ ಆದರು.

ಹಾಗಾದರೆ ಕೋಚಿಂಗ್‌ನಲ್ಲಿ ಏನು ಕೊರತೆ? ಒಂದನ್ನು ಮಾತ್ರ ಹೇಳು ಅಂದರೆ ಇದು: ಹಾಕಿಕೊಂಡ ಯೋಜನೆ ಕೆಟ್ಟಾಗ ಅವರ ಹತ್ತಿರ ಇನ್ನೊಂದು ಇರುತ್ತಿರಲಿಲ್ಲ. ಫ್ರಾಂಕ್ಲಿನ್ ಕೆಟ್ಟ ಕೋಚ್ ಅಂತ ಹೇಳುವುದು ಅನ್ಯಾಯ. 2014ರಲ್ಲಿ ಹಗರಣ, ದಂಡನೆಗಳಿಂದ ಬಳಲಿದ್ದ ತಂಡವನ್ನು ಕೈಗೆತ್ತಿಕೊಂಡು 2016ರಲ್ಲಿ ತಂಡ ಆಡುವ ಲೀಗ್ ಆದ ಬಿಗ್ ಟೆನ್‌ನ ಚಾಂಪಿಯನ್ ಮಾಡಿದರು. ಒಟ್ಟು 104 ಗೆಲುವು, 45 ಸೋಲು. ಒಳ್ಳೆಯ ಹುಡುಗರನ್ನು ಹುಡುಕಿ ತರುವುದರಲ್ಲಿ ಪಳಗಿದ ಕೈ. ತನಗಿಂತ ದುರ್ಬಲ ತಂಡಗಳನ್ನು ವರ್ಷಗಟ್ಟಲೆ ತಪ್ಪದೆ ಸೋಲಿಸಿದರು. ಆದರೆ ಮೊದಲ 10ರೊಳಗಿನ ತಂಡಗಳ ಎದುರು 4 ಗೆಲುವು, 21 ಸೋಲು. ಒಹಾಯೊ ಸ್ಟೇಟ್ ಎದುರು 11ರಲ್ಲಿ ಒಂದೇ ಗೆಲುವು. ಸಮಬಲದ ಪಂದ್ಯಗಳಲ್ಲೇ ಕೋಚ್‌ನ ತಲೆ ಕೆಲಸ ಮಾಡಬೇಕಾದದ್ದು. ಅಲ್ಲಿ ಸೋತರೂ ಉಳಿದವನ್ನು ಗೆಲ್ಲುತ್ತಾರೆ ಅಂತಲೇ ಜನ ಸಹಿಸಿಕೊಂಡಿದ್ದರು. ಯುಸಿಎಲ್‌ಎ, ನಾರ್ತ್‌ವೆಸ್ಟರ್ನ್ ಎದುರು ಅದೂ ಹೋಯಿತು. ಒರೆಗಾನ್ ಸೋಲಿನ ನೋವಿನಿಂದ ಹುಡುಗರನ್ನು ಒಂದು ವಾರದಲ್ಲಿ ಎಬ್ಬಿಸಿ ನಿಲ್ಲಿಸುವುದು ಅವರಿಂದ ಆಗಲಿಲ್ಲ.

ಹುಡುಗರ ತಪ್ಪು ಇಲ್ಲವಾ? ಇದೆ. ಆಲರ್ ಒತ್ತಡದಲ್ಲಿ ತಪ್ಪು ಎಸೆತ ಎಸೆಯುತ್ತಿದ್ದ. ಸಿಂಗಲ್‌ಟನ್ ಓಟದಲ್ಲಿ ಹಿಂದಿನ ಬಿರುಸು ಇರಲಿಲ್ಲ. ಆದರೆ ಆಮೇಲೆ ನಡೆದದ್ದನ್ನೂ ನೋಡಬೇಕು. ಸಹಾಯಕ ಕೋಚ್ ಆಗಿದ್ದ ಟೆರ್ರಿ ಸ್ಮಿತ್ ಹಂಗಾಮಿಯಾಗಿ ವಹಿಸಿಕೊಂಡರು. ಮೊದಲ ಮೂರು ಪಂದ್ಯ ಅವರೂ ಸೋತರು. ಅದರಲ್ಲಿ ಒಂದು, ಆ ಸೀಸನ್‌ನಲ್ಲಿ ಒಂದೂ ಸೋಲದೆ ಚಾಂಪಿಯನ್ ಆದ ಇಂಡಿಯಾನಾ ವಿರುದ್ಧ. 27-24, ಕೊನೆಯ ನಿಮಿಷದಲ್ಲಿ ಕೈತಪ್ಪಿದ್ದು. ಆಮೇಲೆ ಮೂರು ಸತತ ಗೆಲುವು. ಉಪಾಯ ಬಹಳ ಸರಳ: ಕೇಟ್ರಾನ್ ಆಲನ್ ಕೈಗೆ ಚೆಂಡು ಕೊಡುತ್ತಾ ಹೋಗುವುದು. ಆ ಹುಡುಗ ಸೀಸನ್ ಕೊನೆಯ ಹೊತ್ತಿಗೆ ಪೆನ್ ಸ್ಟೇಟ್ ಇತಿಹಾಸದಲ್ಲೇ ಅತಿ ಹೆಚ್ಚು ಯಾರ್ಡ್ ಓಡಿದವನಾದ. ಯುಸಿಎಲ್‌ಎ ಎದುರು ಕೊನೆಯ ಕ್ಷಣದಲ್ಲಿ ಚೆಂಡು ಸಿಗದೆ ನಿಂತಿದ್ದವನು ಇವನೇ! ಸ್ಮಿತ್ ಸೋಲಿಸಿದ ಮೂರು ತಂಡಗಳೇನೂ ಘಟಾನುಘಟಿಗಳಲ್ಲ, ಅದನ್ನೂ ಸೇರಿಸಿ ಹೇಳುತ್ತೇನೆ. ಡಿಸೆಂಬರ್‌ನಲ್ಲಿ, ಸೀಸನ್ ನಂತರದ ಪಂದ್ಯವಾದ ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಕ್ಲೆಮ್ಸನ್ ಮೇಲೂ 22-10ರಿಂದ ಗೆದ್ದರು. ತಮಾಷೆ ಏನೆಂದರೆ, ಕ್ಲೆಮ್ಸನ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದದ್ದು ಟಾಮ್ ಆಲನ್, ನೋಲ್ಸ್‌ಗೆ ಮೊದಲು ಪೆನ್ ಸ್ಟೇಟ್‌ನಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದವರು.

ದುಡ್ಡಿನ ವಿಷಯ ಕೇಳಿದ್ದೀರಿ. 2021ರಲ್ಲಿ ಫ್ರಾಂಕ್ಲಿನ್‌ಗೆ 10 ವರ್ಷದ ಒಪ್ಪಂದ ಬರೆದುಕೊಟ್ಟಿದ್ದರು. ಮಧ್ಯದಲ್ಲಿ ತೆಗೆದದ್ದರಿಂದ ಕೊಡಬೇಕಾದದ್ದು ಸುಮಾರು 4.9 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 430 ಕೋಟಿ ರೂಪಾಯಿ ಹತ್ತಿರ. ನವೆಂಬರ್‌ನಲ್ಲಿ ಅವರಿಗೆ ವರ್ಜೀನಿಯಾ ಟೆಕ್‌ನಲ್ಲಿ ಕೆಲಸ ಸಿಕ್ಕಿ, ಬಾಕಿ 90 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಪೆನ್ ಸ್ಟೇಟ್ ಅದೃಷ್ಟ ಚೆನ್ನಾಗಿತ್ತು ಅನ್ನಬೇಕು.

ತೆಗೆದದ್ದು ಸರಿ, ನಾನಾಗಿದ್ದರೂ ತೆಗೆಯುತ್ತಿದ್ದೆ. ಆದರೆ ಅಕ್ಟೋಬರ್‌ನಲ್ಲಿ ತೆಗೆದು, ಮುಂದಿನ ಕೋಚ್ ಯಾರು ಅಂತ ತಿಂಗಳುಗಟ್ಟಲೆ ಹುಡುಕುತ್ತಾ ಕೂತದ್ದು ಸರಿಯಲ್ಲ. ಅಯೋವಾ ಸ್ಟೇಟ್‌ನಿಂದ ಮ್ಯಾಟ್ ಕ್ಯಾಂಪ್‌ಬೆಲ್ ಬಂದದ್ದು ಡಿಸೆಂಬರ್‌ನಲ್ಲಿ. ಮುಂದಿನ ಸೀಸನ್‌ಗೆ ಯಾವ ವಿಶ್ವವಿದ್ಯಾಲಯದ ತಂಡ ಸೇರುತ್ತೇವೆ ಅಂತ ಹೈಸ್ಕೂಲ್ ಹುಡುಗರು ಸಹಿ ಹಾಕುವ ದಿನ ಅದಕ್ಕೂ ಮೊದಲೇ ಬಂದುಹೋಗಿತ್ತು. ಮೊದಲ ದಿನ ಪೆನ್ ಸ್ಟೇಟ್‌ಗೆ ಸಹಿ ಹಾಕಿದವರು ಇಬ್ಬರೇ. ಬರುತ್ತೇವೆ ಅಂತ ಮಾತು ಕೊಟ್ಟಿದ್ದ ಎಷ್ಟೋ ಹುಡುಗರು ಫ್ರಾಂಕ್ಲಿನ್ ಹಿಂದೆ ವರ್ಜೀನಿಯಾ ಟೆಕ್‌ಗೆ ಹೋದರು.