ಹತ್ತು ವರ್ಷದ ಮಗಳಿಗೆ ದೊಡ್ಡವರ ಸೈನ್ಸ್ ಫಿಕ್ಷನ್ ಕಾದಂಬರಿ ಕೊಡಬಹುದಾ?

ಶಾಲೆಯ ಲೈಬ್ರರಿ ಪುಸ್ತಕಗಳು ಅವಳಿಗೆ ಸಪ್ಪೆ ಅನ್ನಿಸುತ್ತಿವೆ, ದೊಡ್ಡವರ ಸೈನ್ಸ್ ಫಿಕ್ಷನ್ ಬೇಕು ಅಂತ ಹಟ ಮಾಡುತ್ತಿದ್ದಾಳೆ, ಹದಿಮೂರು ತುಂಬುವವರೆಗೆ ಬೇಡ ಅಂತ ಯಾರೋ ಹೇಳಿದ್ದಾರೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ಐದು ವರ್ಷದ ಹಿಂದಿನ ನಮ್ಮ ಮನೆ ಕಣ್ಣಮುಂದೆ ಬಂತು.

ನನ್ನ ಮಗನಿಗೂ ಆಗ ಹತ್ತೇ ವರ್ಷ. ಕೈಗೆ ಸಿಕ್ಕಿದ್ದೆಲ್ಲ ಓದುತ್ತಿದ್ದ. ಬಿಸ್ಕತ್ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕುತ್ತಿದ್ದಾಗ ಎಚ್.ಜಿ. ವೆಲ್ಸ್ ಬರೆದ ‘ದಿ ಟೈಮ್ ಮಷೀನ್’ ಸಿಕ್ಕಿತು. 1895ರ ಕಾದಂಬರಿ. ತೆಳ್ಳಗಿನ ಪುಸ್ತಕ. ನಡುವಿನ ಒಂದು ಪುಟ ತೆಗೆದು ‘ಓದು ನೋಡೋಣ’ ಅಂತ ಅವನ ಕೈಗೆ ಕೊಟ್ಟೆ. ನಾಲ್ಕೈದು ಪದ ಬಿಟ್ಟರೆ ಎಲ್ಲ ಅರ್ಥವಾಯಿತು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು. ಮೂವತ್ತು ರೂಪಾಯಿ ಕೊಟ್ಟು ತಂದೆವು.

ನಾನೂ ಅದನ್ನು ಹೈಸ್ಕೂಲಿನಲ್ಲಿ ಓದಿದ್ದೆ. ಆದರೆ ಓದಿದ್ದು ಮಕ್ಕಳಿಗಾಗಿ ಕತ್ತರಿಸಿದ ಪುಸ್ತಕ. ಅದರಲ್ಲಿ ಕೊನೆಯ ಭಾಗ ಇರಲೇ ಇಲ್ಲ ಅನ್ನುವುದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ಕಥೆ ಹೀಗೆ. ಒಬ್ಬ ತಾನೇ ಮಾಡಿದ ಯಂತ್ರದಲ್ಲಿ ಕೂತು 8,02,701ನೇ ಇಸವಿಗೆ ಹೋಗುತ್ತಾನೆ. ಅಲ್ಲಿ ನೆಲದ ಮೇಲೆ ಎಲಾಯ್ ಅನ್ನುವ ಮುದ್ದು ಜನ, ನೆಲದ ಕೆಳಗೆ ಕತ್ತಲೆಯಲ್ಲಿ ಮಾರ್ಲಾಕ್‌ಗಳು. ಕೆಳಗಿನವರು ಮೇಲಿನವರನ್ನು ಹಿಡಿದು ತಿನ್ನುತ್ತಾರೆ. ಮಗ ಇದನ್ನೆಲ್ಲ ಅನ್ನಕ್ಕೆ ಸಾರು ಕಲಸುತ್ತಲೇ ನಮಗೆ ಹೇಳಿದ. ಹೆದರಿಕೆಯ ಸುಳಿವೇ ಇರಲಿಲ್ಲ. ಸರಿ, ಇವನು ರೆಡಿ ಅಂದುಕೊಂಡೆ.

ಅವನನ್ನು ಹೆದರಿಸಿದ್ದು ಕೊನೆಯ ಕೆಲವು ಪುಟ. ಆ ಮನುಷ್ಯ ಇನ್ನೂ ಮುಂದೆ ಹೋಗುತ್ತಾನೆ, 3 ಕೋಟಿ ವರ್ಷಕ್ಕೂ ಆಚೆ. ಒಂದು ಸಮುದ್ರ ತೀರ. ಕೆಂಪಗಿನ ಸೂರ್ಯ ಆಕಾಶದ ಹತ್ತರಲ್ಲಿ ಒಂದು ಪಾಲನ್ನೇ ತುಂಬಿಕೊಂಡಿದ್ದಾನೆ, ಆದರೂ ಕೊರೆಯುವ ಚಳಿ. ಮನುಷ್ಯರಿಲ್ಲ. ಹಕ್ಕಿಯ ದನಿಯಿಲ್ಲ, ಹುಳದ ಸದ್ದೂ ಇಲ್ಲ.

ಆ ರಾತ್ರಿ ಹನ್ನೊಂದು ಗಂಟೆಗೆ ಬಂದು ನನ್ನ ಮಂಚದ ಪಕ್ಕ ನಿಂತ. ‘ಅಪ್ಪಾ, ಸೂರ್ಯ ಆರಿಹೋಗ್ತಾನಾ?’

ಮರುದಿನ ಆಫೀಸಿನಲ್ಲಿ ಆಡಿಟ್ ಇತ್ತು. ‘ಅದು ಬರೀ ಕಥೆ ಕಣೋ, ಹೋಗಿ ಮಲಕ್ಕೋ’ ಅಂದೆ. ಅವನು ಹೋಗಿ ಮಲಗಿದ.

ನಾನು ಮಾಡಿದ ತಪ್ಪು ಇದೇ. ಪುಸ್ತಕ ಬೇಗ ಕೊಟ್ಟಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆ ಒಂದು ಮಾತು ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಅಪ್ಪ ಅಮ್ಮಂದಿರ ಬಾಯಲ್ಲೂ ಸಲೀಸಾಗಿ ಬರುವ ಮಾತು ಅದು. ಎರಡು ವರ್ಷದಿಂದ ನಾನೇ ಅವನಿಗೆ ಹೇಳುತ್ತಾ ಬಂದಿದ್ದೆ, ಈ ಥರದ ಕಥೆ ಸುಮ್ನೆ ಕಥೆಯಲ್ಲ, ಅದರೊಳಗೆ ನಿಜವಾದ ವಿಜ್ಞಾನ ಇರುತ್ತದೆ ಅಂತ. ಅವನು ಅದನ್ನು ನಂಬಿದ್ದ. ನಂಬಿದ್ದಕ್ಕೇ ಹೆದರಿದ್ದ. ಹೆದರಿ ಬಂದಾಗ ನಾನು ‘ಬರೀ ಕಥೆ’ ಅಂದೆ. ಅವನ ಪಾಲಿಗೆ ಇದರ ಅರ್ಥ ಎರಡೇ. ಅಪ್ಪ ಮೊದಲು ಹೇಳಿದ್ದು ಸುಳ್ಳು, ಇಲ್ಲಾ ಈಗ ಹೇಳುತ್ತಿರುವುದು ಸುಳ್ಳು. ಸೂರ್ಯನೂ ಒಂದು ದಿನ ಮುಗಿಯುತ್ತಾನೆ ಅನ್ನುವುದು ನಿಜ ತಾನೇ? ಶಾಲೆಯ ಪುಸ್ತಕದಲ್ಲೇ ಅವನಿಗೆ ಸಿಕ್ಕಿರಬೇಕು. ಅಂದರೆ ಸುಳ್ಳು ಹೇಳಿದವನು ನಾನೇ ಅಂತ ಅವನಿಗೆ ಗೊತ್ತಾಗಿತ್ತು.

ಓದುವುದನ್ನು ಅವನು ಬಿಡಲಿಲ್ಲ. ಓದಿದ್ದನ್ನು ನನಗೆ ಹೇಳುವುದನ್ನು ಬಿಟ್ಟ. ಊಟಕ್ಕೆ ಕೂತಾಗ ‘ಏನು ಓದ್ತಿದ್ದೀಯ’ ಅಂದರೆ ‘ಏನಿಲ್ಲ’ ಅನ್ನುತ್ತಿದ್ದ. ಎಂಟು ತಿಂಗಳು ಹೀಗೇ ಹೋಯಿತು.

ನಮ್ಮಪ್ಪ ಆ ಪುಸ್ತಕ ತರುವುದಕ್ಕೆ ನಾಲ್ಕು ತಿಂಗಳ ಮೊದಲು ತೀರಿಕೊಂಡಿದ್ದರು. ಎಪ್ಪತ್ತೈದು ವರ್ಷ ಆಗಿತ್ತು. ವರ್ಷದ ತಿಥಿಗೆ ತಿಪಟೂರಿಗೆ ಹೊರಟಾಗ ಮಗನ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ತಳದಲ್ಲಿ ಆ ಪುಸ್ತಕ ಇತ್ತು. ಹಿಂದಿನ ಖಾಲಿ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ಭಾಗಾಕಾರ ಮಾಡಿದ್ದ. 3,00,00,000 ÷ 75 = 4,00,000. ಅದರ ಕೆಳಗೆ ‘4,00,000 ತಾತ’. ಅದರ ಕೆಳಗೆ ‘ಇಷ್ಟೇನಾ?’

ನಾನು ಬಟ್ಟೆ ಬಿಟ್ಟು ಅಲ್ಲೇ ಕೂತೆ. ಕೂತಲ್ಲೇ ಮೊದಲ ಸಲ ಆ ಕೊನೆಯ ಪುಟಗಳನ್ನು ಓದಿದೆ.

ಆಮೇಲೆ ಎರಡು ರಾತ್ರಿ ಅದರ ಬಗ್ಗೆ ಹುಡುಕಿ ಓದಿದೆ. ಗೊತ್ತಾಗಿದ್ದು ಇಷ್ಟು. ವೆಲ್ಸ್ ಬರೆಯುವ ಕಾಲಕ್ಕೆ ಸೂರ್ಯ ಯಾಕೆ ಉರಿಯುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಲಾರ್ಡ್ ಕೆಲ್ವಿನ್ ಥರದ ದೊಡ್ಡ ವಿಜ್ಞಾನಿಗಳು ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಕಾವು ಕೊಡುತ್ತಾನೆ ಅಂದುಕೊಂಡಿದ್ದರು. ಹಾಗೆ ಲೆಕ್ಕ ಹಾಕಿದರೆ ಸೂರ್ಯನ ಆಯಸ್ಸು ಕೆಲವೇ ಕೋಟಿ ವರ್ಷ. ಕಾದಂಬರಿಯ 3 ಕೋಟಿ ಆ ಕಾಲದ ಲೆಕ್ಕಕ್ಕೆ ಹೊಂದುತ್ತದೆ. ಪುಸ್ತಕ ಬಂದ ಮರುವರ್ಷ, 1896ರಲ್ಲಿ, ವಿಜ್ಞಾನಿ ಬೆಕೆರೆಲ್ ವಿಕಿರಣಶೀಲತೆಯನ್ನು, ಅಂದರೆ ಕೆಲವು ಪರಮಾಣುಗಳು ತಾವಾಗೇ ಕಿರಣ ಹೊಮ್ಮಿಸುವುದನ್ನು, ಕಂಡುಹಿಡಿದರು. ಪರಮಾಣುವಿನೊಳಗೆ ಎಷ್ಟು ಶಕ್ತಿ ಇದೆ ಅನ್ನುವುದು ಅಲ್ಲಿಂದ ಮುಂದೆ ತಿಳಿಯುತ್ತಾ ಹೋಯಿತು. ಹೈಡ್ರೋಜನ್ ಹೀಲಿಯಂ ಆಗುವಾಗ ಆ ಕಾವು ಹುಟ್ಟುತ್ತದೆ ಅಂತ ಎಡಿಂಗ್ಟನ್ 1920ರಲ್ಲಿ ಸೂಚಿಸಿದರು, 1939ರಲ್ಲಿ ಹ್ಯಾನ್ಸ್ ಬೇಥೆ ಅದನ್ನು ವಿವರವಾಗಿ ತೋರಿಸಿದರು. ಈಗಿನ ಲೆಕ್ಕದಲ್ಲಿ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ, ಇನ್ನೂ ಸುಮಾರು 500 ಕೋಟಿ ಬಾಕಿ ಇದೆ.

ಇದನ್ನೆಲ್ಲ ತಿಪಟೂರಿನ ತೋಟದಲ್ಲಿ, ತಿಥಿ ಊಟ ಆದ ಮೇಲೆ, ಪಂಪ್‌ಹೌಸ್ ಕಟ್ಟೆಯ ಮೇಲೆ ಕೂತು ಅವನಿಗೆ ಹೇಳಿದೆ. ಭೂಮಿಗೆ ಅಷ್ಟು ಕಾಲ ಇಲ್ಲ, ಸೂರ್ಯನ ಬಿಸಿ ಏರುತ್ತಾ ಹೋಗುವುದರಿಂದ ಸುಮಾರು 100 ಕೋಟಿ ವರ್ಷಕ್ಕೇ ಇಲ್ಲಿ ಬದುಕುವುದು ಕಷ್ಟ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವನು ಕಡ್ಡಿ ತಗೊಂಡು ಮಣ್ಣಿನ ಮೇಲೆ ಆ 100 ಕೋಟಿಯನ್ನು ಮತ್ತೆ 75ರಿಂದ ಭಾಗಿಸಿದ. 1,33,33,333 ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. ‘ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರಲಿಲ್ಲ, ತಪ್ಪಾಯ್ತು ಅಂದೆ. ಅವನು ಮತ್ತೆ ಪುಸ್ತಕದ ಮಾತು ಶುರು ಮಾಡೋಕೆ ಇನ್ನೂ ಕೆಲವು ತಿಂಗಳು ಹಿಡಿಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹತ್ತಾ ಹದಿಮೂರಾ ಅನ್ನುವುದನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಪದ ಎಷ್ಟು ಗೊತ್ತು ಅಂತ ಪುಟ ತೆಗೆದು ಓದಿಸಿ ನೋಡುವುದನ್ನೂ ಬಿಡಿ. ನನ್ನ ಮಗ ಆ ಪರೀಕ್ಷೆಯಲ್ಲಿ ಪಾಸಾಗಿದ್ದ. ತಯಾರಾಗಬೇಕಾದವರು ನೀವು. ಪುಸ್ತಕವನ್ನು ಈಗ, ಇದೇ ತಿಂಗಳು, ಕೊನೆಯ ಪುಟದವರೆಗೆ ನೀವೇ ಓದಿ. ಹಿಂದೆ ಯಾವಾಗಲೋ ಓದಿದ್ದು ಲೆಕ್ಕಕ್ಕಿಲ್ಲ. ಅವಳು ಮುಗಿಸುವ ವಾರ ರಾತ್ರಿ ಎಬ್ಬಿಸಿದರೆ ಎದ್ದು ಕೂರೋಕೆ ಆಗುತ್ತಾ ನೋಡಿ. ಆಗುವುದಿಲ್ಲ ಅಂದರೆ ಮುಂದಿನ ರಜೆಯವರೆಗೆ ತಡೆಯಿರಿ. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಪ್ರಪಂಚ ಮುಗಿಯುವ ಕಥೆ ಸದ್ಯಕ್ಕೆ ಬೇಡವೇ ಬೇಡ.

ರಕ್ತ, ಕೊಲೆ, ರಾಕ್ಷಸರ ಬಗ್ಗೆ ಜಾಸ್ತಿ ಚಿಂತೆ ಮಾಡಬೇಡಿ. ವೆಲ್ಸ್ ಅವರದ್ದೇ 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಮಂಗಳ ಗ್ರಹದವರು ಮನುಷ್ಯರ ರಕ್ತ ಹೀರುತ್ತಾರೆ. ಕೊನೆಗೆ ನಮ್ಮ ಭೂಮಿಯ ಬ್ಯಾಕ್ಟೀರಿಯಾ ತಗಲಿ ಸಾಯುತ್ತಾರೆ. ನನ್ನ ಮಗ ಅದನ್ನು ಹನ್ನೊಂದಕ್ಕೇ ಕುಣಿದುಕೊಂಡು ಓದಿದ. ಕತ್ತರಿಸಿದ ಆವೃತ್ತಿ ಮಾತ್ರ ತರಬೇಡಿ. ಅದು ನಿಮ್ಮನ್ನೂ ಮೋಸ ಮಾಡುತ್ತದೆ, ಅವಳನ್ನೂ.

ಕನ್ನಡ ಓದುವ ಮಗು ಆದರೆ ಮೊದಲು ತೇಜಸ್ವಿಯವರ ‘ಕರ್ವಾಲೊ’ವನ್ನು ಜೊತೆಗೆ ಕೂತು ಜೋರಾಗಿ ಓದಿ. 1980ರ ಕಾದಂಬರಿ. ಸೈನ್ಸ್ ಫಿಕ್ಷನ್ ಅನ್ನುವ ಪೆಟ್ಟಿಗೆಗೆ ಪೂರ್ತಿ ಕೂರುವುದಿಲ್ಲ, ಆದರೂ ಹಾರುವ ಓತಿಯ ಹಿಂದೆ ಕಾಲವೂ ವಿಕಾಸವೂ ಬರುತ್ತವೆ. ಓತಿ ಕೈಗೆ ಸಿಗದೆ ಹಾರಿಹೋಗುತ್ತದಲ್ಲ, ಅಲ್ಲಿ ಅವಳು ಏನು ಕೇಳುತ್ತಾಳೆ ಅಂತ ಗಮನಿಸಿ.

ಯಾವ ಪುಸ್ತಕ ಕೊಡಬೇಕು ಅಂತಿದ್ದೀರಿ? ಇಲ್ಲೇ ಬರೆಯಿರಿ. ನಾನು ಓದಿದ್ದರೆ ಕೊನೆ ಹೇಗಿದೆ ಅಂತ ಹೇಳುತ್ತೇನೆ. ಇಲ್ಲದಿದ್ದರೆ ಮಗನನ್ನು ಕೇಳಿ ಹೇಳುತ್ತೇನೆ, ಅವನು ಓದಿರುತ್ತಾನೆ.